ತಟ್ಟೆ ಕಾಯುವ ನಾಯಿಗೆ ದಾವಣಗೆರೆ ಪೆಟ್ ಶಾಪ್‌ಗಳಲ್ಲಿ ಯಾವುದು ತರಬೇಕು, ಯಾವುದು ಬಿಡಬೇಕು

"ತಿನ್ನುವಾಗ ಹತ್ರ ಹೋದ್ರೆ ಗುರ್ ಅಂತೈತ್ರಿ, ಬಾಯಾಗಿನ ಸಾಕ್ಸ್ ತೆಗೆಯಾಕ ಹೋದ್ರೆ ಕಡೀತೈತ್ರಿ" ಎಂದು ಪೆಟ್ ಶಾಪ್ ಕೌಂಟರಿನಲ್ಲಿ ಹೇಳಿದರೆ ಸಾಮಾನ್ಯವಾಗಿ ಮುಂದೆ ಬರುವ ಸಾಮಾನು ಮೂರು: ನೈಲಾನ್ ಮಜಲ್ (ಬಾಯಿ ಕಟ್ಟುವ ಪಟ್ಟಿ), ಚೋಕ್ ಚೈನ್ (ಎಳೆದರೆ ಕೊರಳು ಬಿಗಿಯುವ ಸರಪಳಿ), ಕಹಿ ಸ್ಪ್ರೇ. ಮೂರನ್ನೂ ಅಲ್ಲೇ ಬಿಟ್ಟು ಬನ್ನಿ. ಇವುಗಳಲ್ಲಿ ಕೆಲಸ ಮಾಡುವಂಥವು ಗುರ್ ಎನ್ನುವ ಸದ್ದನ್ನಷ್ಟೇ ಅಡಗಿಸುತ್ತವೆ. "ಇವರು ಬಂದರೆ ಕಿತ್ತುಕೊಳ್ಳುತ್ತಾರೆ" ಎಂಬ ನಾಯಿಯ ಭಯ ಹಾಗೇ ಉಳಿಯುತ್ತದೆ. ಹೊಡೆದು ಗದರಿಸಿ ಗುರ್ ಬಿಡಿಸಿದ ನಾಯಿ ಮುಂದೊಂದು ದಿನ ಮುನ್ಸೂಚನೆಯಿಲ್ಲದೆ ಕಚ್ಚಬಹುದು. ಹಾಗಾಗಿ ಇಲ್ಲಿ ಪ್ರತಿ ಸಾಮಾನನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದ್ದೇವೆ: ಮನುಷ್ಯ ಹತ್ತಿರ ಬಂದರೆ ತನಗೆ ಲಾಭ ಎಂದು ನಾಯಿಗೆ ಅನ್ನಿಸುತ್ತದೋ, ನಷ್ಟ ಎಂದೋ?

ದುಡ್ಡು ಬಿಚ್ಚುವ ಮೊದಲು ಇದು ನಿಜವಾಗಿಯೂ ತನ್ನ ಊಟ, ವಸ್ತು ಕಿತ್ತುಕೊಳ್ಳುತ್ತಾರೆಂದು ಕಾವಲು ಕಾಯುವ ನಾಯಿಯ ಕಡಿತವೇ ಎಂದು ನೋಡಿಕೊಳ್ಳಿ. 3ರಿಂದ 6 ತಿಂಗಳ ಮರಿ ಕೈ, ಪಂಚೆ, ಸೆರಗು ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುವುದು ಹಲ್ಲು ಬದಲಾಗುವ ಕಾಲದ ಆಟ. 28 ಹಾಲುಹಲ್ಲು ಹೋಗಿ 42 ಹಲ್ಲು ಬರುವ ಹೊತ್ತಿಗೆ, ಅಂದರೆ 7 ತಿಂಗಳ ಸುಮಾರಿಗೆ, ಆ ಕಾಟ ಬಹುಪಾಲು ತಗ್ಗುತ್ತದೆ. ಆಟದಲ್ಲಿ ಮೈ ಸಡಿಲ ಇರುತ್ತದೆ, ಮರಿ ಕುಣಿಯುತ್ತಿರುತ್ತದೆ. ಕಾವಲು ಕಾಯುವ ನಾಯಿ ಹಾಗಲ್ಲ. ತಟ್ಟೆಯ ಮೇಲೆ ತಲೆ ಬಗ್ಗಿಸಿ, ಮೈ ಬಿಗಿಹಿಡಿದು ಅಲ್ಲಾಡದೆ ನಿಲ್ಲುತ್ತದೆ. ಇಲ್ಲವೇ ನೀವು ಹತ್ತಿರವಾದಷ್ಟೂ ಗಬಗಬ ತಿನ್ನುತ್ತದೆ. ತಲೆ ತಿರುಗಿಸದೆ ಕಣ್ಣು ಮಾತ್ರ ನಿಮ್ಮ ಕಡೆ ಹೊರಳಿಸುತ್ತದೆ, ಕಣ್ಣಿನ ಬಿಳಿ ಅಂಚು ಕಾಣುತ್ತದೆ. ತುಟಿ ಏಳುವುದು, ಗುರ್ ಎನ್ನುವುದು ಆಮೇಲಿನ ಮಾತು. ಮನೆಯವರು ಗಮನಿಸುವುದು ಗುರ್ ಬಂದ ಮೇಲೆ. ಕೆಲಸ ಶುರುವಾಗಬೇಕಾದದ್ದು ಮೈ ಬಿಗಿಯಾಗುವುದಕ್ಕಿಂತ ಎರಡು ಹೆಜ್ಜೆ ಮೊದಲೇ.

ಈಗ ಮಜಲ್. ಬಾಯಿಯನ್ನು ಬಿಗಿಯಾಗಿ ಸುತ್ತುವ ನೈಲಾನ್ ಪಟ್ಟಿಯದು ಅಗ್ಗ, ಅದಕ್ಕೇ ಎಲ್ಲೆಡೆ ನೇತಾಡುತ್ತಿರುತ್ತದೆ. ಡಾಕ್ಟರ್ ಒಂದು ಇಂಜೆಕ್ಷನ್ ಕೊಡುವ ಐದಾರು ನಿಮಿಷಕ್ಕೆ ಅದು ಸಾಕು, ಅದರಾಚೆಗೆ ಅಲ್ಲ. ನಾಯಿ ಮೈ ತಂಪು ಮಾಡಿಕೊಳ್ಳುವುದು ಬಾಯಿ ತೆರೆದು ಏದುಸಿರು ಬಿಟ್ಟು. ಏಪ್ರಿಲ್‌ನಲ್ಲಿ 38-40 ಡಿಗ್ರಿ ಮುಟ್ಟುವ ಊರಲ್ಲಿ ಬಾಯಿ ಕಟ್ಟಿ ವಾಕಿಂಗ್ ಕರೆದೊಯ್ದರೆ ಬಿಸಿಲಾಘಾತವಾಗಿ ಜೀವಕ್ಕೇ ಕುತ್ತು. ಬೇಕಿರುವುದು ಬುಟ್ಟಿ ಮಜಲ್. ಮೆಕ್ಕೆಜೋಳದಲ್ಲಿ ಎಡೆಕುಂಟೆ ಹೊಡೆಯುವಾಗ ಎತ್ತಿಗೆ ಕಟ್ಟುವ ಬಾಯಿಕುಕ್ಕೆ ನೋಡಿದವರಿಗೆ ಇದರ ಲೆಕ್ಕ ಬೇರೆ ಹೇಳಬೇಕಿಲ್ಲ: ಉಸಿರಿಗೆ ತಡೆಯಿಲ್ಲ, ಪೈರಿಗೆ ಬಾಯಿ ಎಟುಕುವುದಿಲ್ಲ, ಅಷ್ಟೆ.

ಬುಟ್ಟಿಯಲ್ಲೂ ನಾಲ್ಕು ಬಗೆ ಸಿಗುತ್ತದೆ. ತಂತಿಯದು ಗಾಳಿಗೆ ಒಳ್ಳೆಯದು, ಆದರೆ ಮೊಣಕಾಲಿಗೆ ಬಡಿದರೆ ನೋವು, ಬಿಸಿಲಿಗೆ ಕಾಯುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನದು ಅಗ್ಗ, ಪಟ್ಟಿ ಸೇರುವ ರಿವೆಟ್ ಹತ್ತಿರ ಸೀಳುತ್ತದೆ. ಚರ್ಮದ್ದು ಜೊಲ್ಲು ಕುಡಿದು ಕುಡಿದು ಗಡುಸಾಗುತ್ತದೆ. ಬಾಗುವ ರಬ್ಬರಿನಂಥ ವಸ್ತುವಿನದು, ಬ್ಯಾಸ್ಕರ್‌ವಿಲ್ ಅಲ್ಟ್ರಾ ತರಹದ್ದು, ದುಬಾರಿಯಾದರೂ ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಮೂತಿಯ ಆಕಾರಕ್ಕೆ ತಿದ್ದಬಹುದು. ನಮ್ಮ ಮತ ಇದಕ್ಕೇ.

ಅಂಗಡಿಯವರು "ಲ್ಯಾಬ್ರಡಾರ್ ಸೈಜ್ ತಗೊಳ್ಳಿ ಸಾಕು" ಎಂದರೆ ಒಪ್ಪಬೇಡಿ. ಟೈಲರ್ ಟೇಪಿನಲ್ಲಿ ಎರಡು ಅಳತೆ ತೆಗೆದುಕೊಂಡು ಹೋಗಿ. ಕಣ್ಣಿನ ಸ್ವಲ್ಪ ಕೆಳಗಿನಿಂದ ಮೂಗಿನ ತುದಿಯವರೆಗೆ ಉದ್ದ ಒಂದು. ಅದೇ ಜಾಗದಲ್ಲಿ ಮೂತಿಯ ಸುತ್ತಳತೆ ಇನ್ನೊಂದು. ಮೂಗಿಗೂ ಬುಟ್ಟಿಯ ಮುಂಭಾಗಕ್ಕೂ ಸುಮಾರು 1 ಸೆಂಟಿಮೀಟರ್ ಬಿಡುವು ಇರಬೇಕು, ಮೇಲಂಚು ಕಣ್ಣಿಗೆ ಒತ್ತಬಾರದು, ಒಳಸುತ್ತು ಎಷ್ಟಿರಬೇಕೆಂದರೆ ನಾಯಿ ಬಾಯಿ ತೆರೆದು ನಾಲಿಗೆ ಹೊರಹಾಕುವಷ್ಟು. ಹಾಕಿ, ನೀರು ಕುಡಿಯುತ್ತದೆಯೇ ನೋಡಿ. ಮುಧೋಳ ನಾಯಿಯ ಮೂತಿ ಉದ್ದ, ಸಪೂರ. ಸಾಮಾನ್ಯ ಸೈಜಿನವು ಅಡ್ಡಕ್ಕೆ ದೊಗಳೆಯಾಗಿ ಒಂದೇ ಕೊಡವಿಗೆ ಕಳಚುತ್ತವೆ. ಪಗ್‌ಗೆ ಇವು ಯಾವುವೂ ಕೂರುವುದಿಲ್ಲ.

ತಂದ ದಿನವೇ ಕಟ್ಟಬೇಡಿ. ಒಳಗಡೆ ಗಟ್ಟಿ ಮೊಸರು ಸವರಿ ಬುಟ್ಟಿಯನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂರಿ. ನಾಯಿಯೇ ಮೂತಿ ತೂರಿಸಬೇಕು, ನೀವು ತೊಡಿಸಬಾರದು. ಎರಡು ಮೂರು ದಿನ ಇಷ್ಟೇ. ಆಮೇಲೆ ಮೂತಿ ಒಳಗಿದ್ದಾಗಲೇ ಕಿಂಡಿಯಲ್ಲಿ ಚೂರು ಕೊಡುತ್ತಾ 5, 10, 30 ಸೆಕೆಂಡಿಗೆ ಏರಿಸಿ. ಪಟ್ಟಿ ಕಟ್ಟುವುದು ಅದರ ನಂತರ. ನಾಯಿ ಕಾಲಿನಿಂದ ಕೆರೆದುಕೊಂಡರೆ ಅವಸರವಾಯಿತು ಎಂದರ್ಥ, ಒಂದು ಮೆಟ್ಟಿಲು ಇಳಿಯಿರಿ. ಹತ್ತು ಹದಿನೈದು ದಿನ ಹಿಡಿಯುತ್ತದೆ.

ಇಲ್ಲೊಂದು ದೊಡ್ಡ ತಪ್ಪು ಆಗುತ್ತದೆ. ಮಜಲ್ ಇದೆಯಲ್ಲ, ಕಚ್ಚಲಾರದು ಎಂದುಕೊಂಡು ಎಲುಬು ಕಿತ್ತುಕೊಂಡು "ಅಭ್ಯಾಸ" ಮಾಡಿಸುವುದು. ಹಾಗೆ ಮಾಡಿದರೆ ಕಿತ್ತುಕೊಳ್ಳುತ್ತಾರೆ ಎಂಬ ಭಯವನ್ನು ನೀವೇ ದಿನಕ್ಕೊಮ್ಮೆ ನಿಜ ಮಾಡಿ ತೋರಿಸಿದಂತೆ. ತಿನ್ನುವಾಗ ತಟ್ಟೆಗೆ ಕೈ ಹಾಕಿ ಯಜಮಾನ ಯಾರೆಂದು ತೋರಿಸಬೇಕು ಎನ್ನುವ ಹಳೆಯ ಸಲಹೆಯೂ ಇದೇ ಜಾತಿಯದು. ಮಜಲ್ ಬೇಕಾಗುವುದು ನೆಂಟರು ಬಂದಾಗ, ಆಸ್ಪತ್ರೆಗೆ ಹೋಗುವಾಗ, ದಾರಿಯಲ್ಲಿ ಬಿದ್ದ ಕೋಳಿ ಎಲುಬು ಬಾಯಿಗೆ ಹೋಗದಂತೆ ತಡೆಯಲು. ಗುಣ ಮಾಡುವುದು ಬೇರೆಯದೇ ಸಾಮಾನು, ಅದು ಪೆಟ್ ಶಾಪಿನಲ್ಲಿ ಸಿಗುವುದಿಲ್ಲ.

ಅದು ತಟ್ಟೆಯಲ್ಲಿರುವುದಕ್ಕಿಂತ ರುಚಿಯಾದ ಚೂರು. ಬಟಾಣಿ ಗಾತ್ರಕ್ಕೆ ಹೆಚ್ಚಿದ, ಉಪ್ಪು ಮಸಾಲೆ ಇಲ್ಲದೆ ಬೇಯಿಸಿದ ಕೋಳಿ 50 ಗ್ರಾಂ ಒಂದು ದಿನಕ್ಕೆ ಧಾರಾಳ. ಮನೆಯೊಳಗೆ ಮಾಂಸ ಬಾರದ ಮನೆಗಳು ನಮ್ಮಲ್ಲಿ ಬಹಳ. ಅಲ್ಲಿ ಪನೀರ್ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಕೌಂಟರಿನಲ್ಲಿ ಕೊಡುವ ಬಣ್ಣಬಣ್ಣದ ಬಿಸ್ಕತ್ತು ಇದಕ್ಕೆ ಸಾಲದು, ಎಲುಬಿನ ಮುಂದೆ ಬಿಸ್ಕತ್ತಿಗೆ ಯಾವ ನಾಯಿಯೂ ಬೆಲೆ ಕೊಡುವುದಿಲ್ಲ. ಮಂಡಕ್ಕಿಯೂ ಅಷ್ಟೆ. ಈರುಳ್ಳಿ ಹಾಕಿದ ಮಂಡಕ್ಕಿಯಂತೂ ಬೇಡವೇ ಬೇಡ, ಈರುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತದೆ.

ಕೆಲಸ ಹೀಗೆ. ತಟ್ಟೆಯಲ್ಲಿ ಮಾಮೂಲಿ ಊಟ ಹಾಕಿ ದೂರ ಸರಿಯಿರಿ. ನಾಯಿ ಮೈ ಬಿಗಿ ಮಾಡದ ದೂರ ಎಷ್ಟು ಎಂದು ನೋಡಿಕೊಳ್ಳಿ. 8 ಅಡಿ ಎಂದುಕೊಳ್ಳೋಣ. ಆ ಗೆರೆಯವರೆಗೆ ಬನ್ನಿ, ಒಂದು ಚೂರನ್ನು ತಟ್ಟೆಯ ಪಕ್ಕ ಬೀಳುವಂತೆ ಎಸೆಯಿರಿ, ತಕ್ಷಣ ಹಿಂದೆ ತಿರುಗಿ ಹೋಗಿ. ಮಾತು ಬೇಡ, ತಟ್ಟೆಯನ್ನೇ ದಿಟ್ಟಿಸುವುದೂ ಬೇಡ. ಒಂದು ಊಟಕ್ಕೆ 6ರಿಂದ 8 ಸಲ. ಕೆಲವು ದಿನದಲ್ಲಿ ನಿಮ್ಮ ಹೆಜ್ಜೆ ಸದ್ದಿಗೇ ನಾಯಿ ತಟ್ಟೆಯಿಂದ ತಲೆ ಎತ್ತಿ, ಬಾಯಿ ಸಡಿಲ ಮಾಡಿ, "ಎಲ್ಲಿ ಚೂರು?" ಎಂಬಂತೆ ನಿಮ್ಮ ಕೈ ನೋಡತೊಡಗುತ್ತದೆ. ಆಗ ಮಾತ್ರ ಒಂದು ಹೆಜ್ಜೆ ಮುಂದೆ. ದಿನ ಎಣಿಸಿ ಮುಂದೆ ಹೋಗಬೇಡಿ, ಆ ತಲೆ ಎತ್ತುವುದನ್ನು ನೋಡಿ ಹೋಗಿ. ಮಧ್ಯೆ ಬಿಗಿಯಾಯಿತೋ, ಎರಡು ಹೆಜ್ಜೆ ಹಿಂದೆ. ಬಗ್ಗುವುದು, ಕೈ ಚಾಚುವುದು, ತಟ್ಟೆ ಮುಟ್ಟುವುದು ಒಂದೊಂದೂ ಬೇರೆ ಬೇರೆ ಮೆಟ್ಟಿಲು. ನಿಂತು ಎಸೆದಾಗ ಸುಮ್ಮನಿದ್ದ ನಾಯಿ ಬಗ್ಗಿದಾಗ ಗುರ್ ಎನ್ನಬಹುದು. ಮನೆಯ ಒಬ್ಬರಿಂದ ಕಲಿತದ್ದು ಇನ್ನೊಬ್ಬರಿಗೆ ತಾನಾಗಿ ವರ್ಗವಾಗುವುದಿಲ್ಲ, ದೊಡ್ಡವರು ಪ್ರತಿಯೊಬ್ಬರೂ ದೂರದಿಂದಲೇ ಶುರು ಮಾಡಬೇಕು. ಮಕ್ಕಳಿಗೆ ಈ ಕೆಲಸ ಕೊಡಬೇಡಿ.

ಬಾಯಲ್ಲಿ ಸಾಕ್ಸ್, ಚಪ್ಪಲಿ ಇದ್ದರೆ ಬೆನ್ನಟ್ಟಬೇಡಿ. ನಾಯಿಯಿಂದ ನಾಲ್ಕೈದು ಅಡಿ ಆಚೆಗೆ ಐದಾರು ಚೂರು ಹರಡಿ, ಅದು ಅಲ್ಲಿ ಮೂಸುತ್ತಿರುವಾಗ ವಸ್ತು ಎತ್ತಿಕೊಳ್ಳಿ; ಅದರ ತಲೆಯ ಮೇಲಿಂದ ಕೈ ಹಾಕಬೇಡಿ. ಅಪಾಯವಿಲ್ಲದ ವಸ್ತುವಾದರೆ ಒಮ್ಮೊಮ್ಮೆ ವಾಪಸ್ ಕೊಡಿ. ಸಿಕ್ಕಿದ್ದನ್ನೆಲ್ಲ ಕಿತ್ತುಕೊಳ್ಳುವ ಮನೆಯಲ್ಲೇ ನಾಯಿ ಸಿಕ್ಕಿದ್ದನ್ನೆಲ್ಲ ಮಂಚದ ಕೆಳಗೆ ಒಯ್ಯುವುದು. ಮಾತ್ರೆಯ ಸ್ಟ್ರಿಪ್, ಬ್ಯಾಟರಿಯಂಥದ್ದಾದರೆ ಕಾಲಿಂಗ್ ಬೆಲ್ ಒತ್ತಿ, ವಾಕಿಂಗ್ ಬೆಲ್ಟ್ ಅಲ್ಲಾಡಿಸಿ, ಫ್ರಿಜ್ ಬಾಗಿಲು ತೆಗೆಯಿರಿ; ಬಿಟ್ಟು ಓಡಿ ಬರುವಂಥ ಏನಾದರೂ ಸರಿ.

ಪೆಟ್ ಶಾಪಿಗೆ ವಾಪಸ್ ಬರೋಣ. ಮಜಲ್ ನಂತರ ದುಡ್ಡು ಹಾಕಬೇಕಾದದ್ದು ಗೇಟಿಗೆ. ಮಕ್ಕಳಿಗೆಂದು ಬರುವ, ಮೊಳೆ ಹೊಡೆಯದೆ ಒತ್ತಡದಲ್ಲಿ ನಿಲ್ಲುವ ಗೇಟು ಸಾಕು. ಹೆಚ್ಚಿನವು ಸುಮಾರು 75ರಿಂದ 85 ಸೆಂಟಿಮೀಟರ್ ಅಗಲಕ್ಕೆ. ಹಳೆಯ ಮನೆಗಳ ಚೌಕಟ್ಟಿಗೆ ಎಕ್ಸ್‌ಟೆನ್ಷನ್ ಬೇಕಾಗಬಹುದು. ಬಾಗಿಲು ಕೂರುವ ತೋಡಿನ ಮೇಲೆ ಗೇಟನ್ನು ಒತ್ತಿ ನಿಲ್ಲಿಸುವ ನಾಲ್ಕು ತಿರುಪಿನ ತಲೆಗಳು ಸಮನಾಗಿ ಕೂರವು, ಹೊಸ್ತಿಲು ಎತ್ತರವಿದ್ದರೆ ಕೆಳಗಿನವು ಜಾರುತ್ತವೆ. ಚೌಕಟ್ಟಿನ ಸಪಾಟು ಮುಖ ಅಳೆದುಕೊಂಡೇ ಹೋಗಿ. ಊಟ ಗೇಟಿನಾಚೆ, ತಟ್ಟೆ ಖಾಲಿಯಾಗಿ ನಾಯಿ ಹೊರಗೆ ಹೋದ ಮೇಲೆ ತಟ್ಟೆ ಎತ್ತಿಡುವುದು. ಅಜ್ಜಿ ರೊಟ್ಟಿ ಚೂರು ನೆಲಕ್ಕೆ ಹಾಕುವ, ಅಂಬೆಗಾಲಿಡುವ ಕೂಸು ಇರುವ ಮನೆಗೆ ಇದೊಂದೇ ಸಾಮಾನು ಉಳಿದೆಲ್ಲಕ್ಕಿಂತ ಹೆಚ್ಚು ಕಡಿತ ತಪ್ಪಿಸುತ್ತದೆ.

ಸೋಫಾ ಕಾಯುವ ನಾಯಿಗೆ 6 ಅಡಿಯ ಹಗುರ ಹಗ್ಗದ ಬೆಲ್ಟ್ ತಂದು ಕೈಹಿಡಿಯ ಕುಣಿಕೆ ಕತ್ತರಿಸಿ, ಇಲ್ಲದಿದ್ದರೆ ಕುರ್ಚಿ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಹಾರ್ನೆಸ್‌ಗೆ (ಎದೆ ಸುತ್ತುವ ಪಟ್ಟಿಗೆ) ಹಾಕಿ, ನೀವು ಎದುರಿಗಿರುವಾಗ ಮಾತ್ರ ಎಳೆದಾಡಲು ಬಿಡಿ. ಕೊರಳಪಟ್ಟಿಗೆ ಕೈ ಹಾಕದೆ ಆ ಹಗ್ಗ ಹಿಡಿದೇ ಸೋಫಾದಿಂದ ಇಳಿಸಬಹುದು. ಕೊರಳಿಗೆ ಕೈ ಬಂದಾಗಲೇ ಬಹಳಷ್ಟು ಕಡಿತ ಆಗುವುದು.

ಕಾಂಗ್ ತರಹದ, ಒಳಗೆ ತಿಂಡಿ ತುಂಬುವ ರಬ್ಬರ್ ಆಟಿಕೆ ಒಳ್ಳೆಯದೇ. ಮರಿಗೆ ಮೆತ್ತನೆಯದು, ಗಟ್ಟಿ ಅಗಿಯುವ ನಾಯಿಗೆ ಕಪ್ಪು ಬಣ್ಣದ್ದು. ಆದರೆ ಅದೂ ಕಾಯುವ ಆಸ್ತಿಯಾಗುತ್ತದೆ. ಗೇಟಿನಾಚೆ ಮಾತ್ರ ಕೊಡಿ. ಒಣಚರ್ಮದ ಗಂಟು ಎಲುಬು ತರಲೇಬೇಡಿ: ನಾಯಿ ಅತಿ ಹೆಚ್ಚು ಕಾಯುವ ವಸ್ತುಗಳಲ್ಲಿ ಅದೊಂದು, ಮೆತ್ತಗಾದ ತುಂಡು ಗಂಟಲಿಗೆ ಸಿಕ್ಕುತ್ತದೆ. ಉಬ್ಬುತಗ್ಗಿನ ಸ್ಲೋ ಫೀಡರ್ ತಟ್ಟೆಯನ್ನು ಈ ಸಮಸ್ಯೆಗೆ ಮದ್ದೆಂದು ಮಾರುತ್ತಾರೆ. 2 ನಿಮಿಷದ ಊಟ 10 ನಿಮಿಷವಾದರೆ ಕಾವಲೂ 10 ನಿಮಿಷವಾಗುತ್ತದೆ, ಬೇರೇನಿಲ್ಲ. ಕಹಿ ಸ್ಪ್ರೇ ಮೇಜಿನ ಕಾಲು ಅಗಿಯದಂತೆ ತಡೆಯುವುದಕ್ಕೆ, ಇದಕ್ಕಲ್ಲ. ಚೋಕ್ ಚೈನ್, ಮುಳ್ಳು ಕಾಲರ್, ಶಾಕ್ ಕಾಲರ್ ಮೂರರಲ್ಲೂ ನೀವು ಹತ್ತಿರ ಬಂದ ಗಳಿಗೆಗೆ ಸರಿಯಾಗಿ ಕತ್ತಿಗೆ ನೋವು. ನಾಯಿ ಆ ನೋವನ್ನು ನಿಮ್ಮ ಲೆಕ್ಕಕ್ಕೆ ಬರೆಯುತ್ತದೆ. ಶಾಕ್ ಕಾಲರನ್ನು ಬ್ರಿಟನ್ನಿನ ವೇಲ್ಸ್ 2010ರಲ್ಲೇ ನಿಷೇಧಿಸಿದೆ.

ನೆನ್ನೆಯವರೆಗೆ ಸರಿಯಿದ್ದ ನಾಯಿ ಇದ್ದಕ್ಕಿದ್ದಂತೆ ಕಾಯತೊಡಗಿದರೆ ಅಂಗಡಿಗಿಂತ ಮೊದಲು ಪಶುವೈದ್ಯರ ಬಳಿ ಹೋಗಿ. ಕಿವಿ ಸೋಂಕು, ಸೊಂಟದ ನೋವು, ಉಣ್ಣಿ ಕಚ್ಚಿ ಬರುವ ಜ್ವರ ಇದ್ದರೆ ಮುಟ್ಟಿಸಿಕೊಳ್ಳಲು ಒಪ್ಪದು. ತುರಿಕೆಗೆಂದು ಕೊಟ್ಟ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಹಸಿವನ್ನು ವಿಪರೀತ ಹೆಚ್ಚಿಸುತ್ತದೆ, ತಟ್ಟೆಯ ಕಾವಲೂ ಜೊತೆಗೇ ಏರುತ್ತದೆ. ಹಾಗೆಂದು ಮಾತ್ರೆ ನೀವೇ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ.

ಹಲ್ಲು ತಾಗಿ ಗೀರಿದ್ದರೂ ಸೋಪು ಹಚ್ಚಿ ನಲ್ಲಿಯಡಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾರದಪುಡಿ ಹಚ್ಚಬೇಡಿ. ಮನೆನಾಯಿಗೆ ಲಸಿಕೆ ಆಗಿದೆ ಎಂದು ಕೂರದೆ ಆ ದಿನವೇ ಚಿಗಟೇರಿ ಜಿಲ್ಲಾ ಆಸ್ಪತ್ರೆಯಂಥ ಕಡೆ ತೋರಿಸಿ. ಚರ್ಮದ ಪದರದೊಳಗೆ ಕೊಡುವ ರೇಬೀಸ್ ಲಸಿಕೆ 0, 3, 7, 28ನೇ ದಿನಕ್ಕೆ. ರಕ್ತ ಬಂದ ಗಾಯಕ್ಕೆ ಇಮ್ಯುನೊಗ್ಲೊಬ್ಯುಲಿನ್ (ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಬೇಕೇ ಎಂದು ವೈದ್ಯರು ಹೇಳುತ್ತಾರೆ. ನಾಯಿಯನ್ನು 10 ದಿನ ಕಟ್ಟಿ ನಿಗಾ ಇಡಿ. ಕಡಿತದ ಆಳವನ್ನೂ ಬರೆದಿಡಿ: ಹಲ್ಲು ಚರ್ಮಕ್ಕೆ ಇಳಿಯದಿದ್ದರೆ ಪಶುವೈದ್ಯ ಇಯಾನ್ ಡನ್ಬಾರ್ ಅವರ ಆರು ಹಂತದ ಅಳತೆಯಲ್ಲಿ ಅದು ಮೊದಲೆರಡು ಹಂತ, ಚೂರು ಎಸೆದು ಕಲಿಸುವ ಕ್ರಮ ಮನೆಯಲ್ಲೇ ನಡೆಯುತ್ತದೆ. ಕೋರೆಹಲ್ಲಿನ ಅರ್ಧಕ್ಕಿಂತ ಆಳಕ್ಕೆ ಇಳಿದಿದ್ದರೆ ನಾಲ್ಕನೆಯದು; ಅಲ್ಲಿ ಒಬ್ಬರೇ ಪ್ರಯೋಗ ಮಾಡಬಾರದು.

ಆಗ ಬೇಕಾಗುವುದು ಮನೆಗೆ ಬರುವ ಟ್ರೇನರ್. ತಿಂಗಳು ತಮ್ಮಲ್ಲೇ ಇಟ್ಟುಕೊಂಡು ಸರಿಮಾಡಿ ಕಳಿಸುತ್ತೇವೆ ಎನ್ನುವ ಸೇವೆ ಈ ಸಮಸ್ಯೆಗೆ ಹೊಂದುವುದಿಲ್ಲ. ಅಲ್ಲಿ ನಿಮ್ಮ ಸೋಫಾ ಇಲ್ಲ, ನಿಮ್ಮ ಮನೆಯವರಿಲ್ಲ, ಕಾಯಲು ಕಾರಣವೂ ಇಲ್ಲ. ಫೋನಿನಲ್ಲೇ ಕೇಳಿ: "ಗುರ್ ಅಂದ್ರೆ ನೀವೇನು ಮಾಡ್ತೀರಿ ಸರ್?" ದೂರ ಹೆಚ್ಚಿಸುತ್ತೇನೆ, ಯಾವುದಕ್ಕೆ ಅಂದಿತು ನೋಡುತ್ತೇನೆ ಎಂದರೆ ಕರೆಸಿ. ತಟ್ಟೆಗೆ ಕೈ ಹಾಕಿ ತೋರಿಸುತ್ತೇನೆ ಎಂದರೆ ಮುಂಗಡ ಕಳಿಸಬೇಡಿ.