ಪೌರಕಾರ್ಮಿಕರ ಸಮವಸ್ತ್ರ: ಬಟ್ಟೆಗೆ ಮೂರು ಅಂಕ, ಖರೀದಿಗೆ ಒಂದು

ಕೊಡಗಿನ ಒಂದು ಪಟ್ಟಣದ ಸ್ಥಳೀಯ ಸಂಸ್ಥೆಯು ತನ್ನ ಪೌರಕಾರ್ಮಿಕರಿಗೆ ಕೊಟ್ಟಿರುವ ಸಮವಸ್ತ್ರವನ್ನು, ಅದು ಒಂದು ಪೂರ್ಣ ಮಳೆಗಾಲವನ್ನು ಕಂಡ ಮೇಲೆ, ತೊಟ್ಟವರನ್ನು ಕೇಳಿ, ಹೊಲಿಗೆಯನ್ನು ಒಳಹೊರಗು ಮಾಡಿ ನೋಡಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಸೆಟ್ಟಿನಲ್ಲಿ ಪುರುಷರಿಗೆ ಅಂಗಿ ಮತ್ತು ಪ್ಯಾಂಟು, ಮಹಿಳೆಯರಿಗೆ ಸೀರೆ ಅಥವಾ ಚೂಡಿದಾರದ ಮೇಲೆ ತೊಡುವ ಕೋಟು, ಎಲ್ಲರಿಗೂ ಹೊಳೆಯುವ ಪಟ್ಟಿಯ ಜಾಕೆಟ್ ಮತ್ತು ರೈನ್‌ಕೋಟ್ ಇವೆ. ಇವನ್ನು ಯಾರೂ ದಯೆಯಿಂದ ಕೊಡುತ್ತಿಲ್ಲ. ಕಸ ನಿರ್ವಹಿಸುವವರಿಗೆ ಸಮವಸ್ತ್ರ, ಕೈಗವಸು, ರೈನ್‌ಕೋಟ್, ತಕ್ಕ ಪಾದರಕ್ಷೆ ಮತ್ತು ಮಾಸ್ಕ್ ಸಿಗುವಂತೆ ನೋಡಿಕೊಳ್ಳುವುದು ಸ್ಥಳೀಯ ಸಂಸ್ಥೆಯ ಹೊಣೆಯೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿದ್ದವು.

ಮೊದಲು ಬಟ್ಟೆಯ ಮಾತು. ಅಂಗಿ ಮತ್ತು ಕೋಟಿನ ಬಟ್ಟೆಯಲ್ಲಿ ಪಾಲಿಯೆಸ್ಟರ್ ಅಂಶ ಹೆಚ್ಚು. ಹತ್ತಿಯನ್ನೋ ಖಾದಿಯನ್ನೋ ಕೊಡಬೇಕಿತ್ತೆಂದು ಬಯಲುಸೀಮೆಯ ವಿಮರ್ಶಕರು ಆಕ್ಷೇಪಿಸಬಹುದು. ಆದರೆ ಜುಲೈ ತಿಂಗಳಲ್ಲಿ ಒಗೆದ ಬಟ್ಟೆಯನ್ನು ಒಲೆಯ ಮೇಲೆ ಹಗ್ಗ ಕಟ್ಟಿ, ಹೊಗೆಯ ವಾಸನೆಯ ಸಮೇತ ಒಣಗಿಸಿಕೊಳ್ಳುವ ಮಡಿಕೇರಿಯಂತಹ ಊರಿನಲ್ಲಿ, ಬೇಗ ಒಣಗುವ ಮಿಶ್ರ ಬಟ್ಟೆಯೇ ಉಪಯುಕ್ತವೆಂಬುದು ನನ್ನ ಅಭಿಪ್ರಾಯ. ಬಣ್ಣವೂ ಹೆಚ್ಚು ಬಿಟ್ಟಿಲ್ಲ. ಹೊಲಿಗೆ ಮಾತ್ರ ನಿರಾಶೆ ತರುತ್ತದೆ. ಕಂಕುಳಿನಲ್ಲಿ ಒಂಟಿ ಹೊಲಿಗೆಯಿದ್ದು, ತಳ್ಳುಗಾಡಿ ಎಳೆಯುವವರ ಅಂಗಿಗಳು ಅಲ್ಲಿಯೇ ಬಿಟ್ಟುಕೊಂಡಿವೆ. ಕಾಜಾಗಳ ನೂಲು ಎದ್ದುಬಂದಿದೆ. ಮಹಿಳೆಯರ ಕೋಟನ್ನು ಸೀರೆಯ ನೆರಿಗೆಗೆ ಬೇಕಾದ ಅಗಲ ಬಿಡದೆ ಕತ್ತರಿಸಲಾಗಿದೆ. ರೈನ್‌ಕೋಟಿನ ಹೊಲಿಗೆಗಳ ಒಳಭಾಗಕ್ಕೆ ನೀರು ತಡೆಯುವ ಪಟ್ಟಿ ಅಂಟಿಸದ ಕಾರಣ ಭುಜದಲ್ಲಿ ನೀರು ಇಳಿಯುತ್ತದೆ. “ಹೊರಗೆ ಮಳೆ, ಒಳಗೆ ಬೆವರು, ಯಾವುದರಲ್ಲಿ ನೆಂದೆವು ಅಂತ ಗೊತ್ತಾಗೋದಿಲ್ಲ” ಎಂದು ಒಬ್ಬ ಮಹಿಳೆ ನಗುತ್ತಲೇ ಹೇಳಿದರು. ಒಟ್ಟಿನಲ್ಲಿ ಬಟ್ಟೆಗೆ ಐದರಲ್ಲಿ ಮೂರು ಅಂಕ ಕೊಡಬಹುದು.

ಖರೀದಿಗೆ ಒಂದೇ ಅಂಕ ಕೊಡಲು ಕಾರಣ ಕೊರಳಪಟ್ಟಿಯಲ್ಲಿದೆ. ಅಲ್ಲಿ ಅಳತೆಯ ಚೀಟಿಯೊಂದನ್ನು ಬಿಟ್ಟರೆ, ಯಾರು ಹೊಲಿದರು, ಎಲ್ಲಿ ಹೊಲಿದರು ಎಂಬುದಕ್ಕೆ ಯಾವ ಗುರುತೂ ಇಲ್ಲ. ಅಂಗಡಿಯಲ್ಲಿ ನಾವು ಕೊಳ್ಳುವ ಪೊಟ್ಟಣದ ಸರಕಿನ ಮೇಲೆ ತಯಾರಕರ ಹೆಸರು ಮತ್ತು ವಿಳಾಸ ಇರಬೇಕೆಂದು ವಿಧಿಸುವ 2011ರ ಕಾನೂನು ಮಾಪನ ಪೊಟ್ಟಣ ಸರಕು ನಿಯಮಗಳು, ಸಂಸ್ಥೆಗಳು ತಮ್ಮ ಬಳಕೆಗೆ ನೇರವಾಗಿ ಕೊಳ್ಳುವ ಸರಕಿಗೆ ವಿನಾಯಿತಿ ಕೊಡುತ್ತವೆ. ಒಂದು ಅಂಗಿ ಕೊಳ್ಳುವ ನನಗೆ ಸಿಗುವ ಮಾಹಿತಿ, ತೆರಿಗೆಯ ಹಣದಲ್ಲಿ ಕಟ್ಟುಗಟ್ಟಲೆ ಅಂಗಿ ಕೊಳ್ಳುವ ಪಂಚಾಯತಿಗೆ ತಾನಾಗಿ ಸಿಗುವುದಿಲ್ಲ. ಅದನ್ನು ಕೇಳಿ ಪಡೆಯಬೇಕು. ಕೇಳುವುದರಿಂದ ಏನು ಪ್ರಯೋಜನವೆಂಬ ಸಂಶಯ ಇರುವವರು ಬಾಂಗ್ಲಾದೇಶದ ಢಾಕಾ ಬಳಿ ಗಾರ್ಮೆಂಟ್ಸ್ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾವನ್ನು ನೆನಪಿಸಿಕೊಳ್ಳಬಹುದು. 2013ರ ಏಪ್ರಿಲ್ 24ರಂದು ಆ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತಾಗ, ಅಲ್ಲಿ ಯಾವ ಕಂಪನಿಗಳಿಗೆ ಹೊಲಿಯಲಾಗುತ್ತಿತ್ತೆಂಬುದಕ್ಕೆ ಅವಶೇಷಗಳ ನಡುವೆ ಸಿಕ್ಕ ಲೇಬಲ್ಲುಗಳೇ ಸಾಕ್ಷಿಯಾದವು. ಹೊಲಿಯುವವರ ಪಾಡು ತಿಳಿಯಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಭವಿಷ್ಯನಿಧಿ ಹಿಂಪಡೆಯುವ ಹೊಸ ನಿಯಮದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ರಸ್ತೆಗಿಳಿದ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರನ್ನು ನಾವೆಲ್ಲರೂ ಟಿ.ವಿ.ಯಲ್ಲಿ ನೋಡಿದ್ದೇವೆ.

ಕಚೇರಿಯಲ್ಲಿ ಕೇಳಿದಾಗ ಬಂದ ಉತ್ತರ ನಿರೀಕ್ಷಿತವೇ: ಕಡಿಮೆ ದರ ನಮೂದಿಸಿದವರಿಗೆ ಕೊಡಲೇಬೇಕು, ಕಾಯ್ದೆ ಹಾಗಿದೆ. ಇದು ಅರ್ಧ ನಿಜ. 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವು ಟೆಂಡರ್ ದಾಖಲೆಯಲ್ಲಿ ಮೊದಲೇ ತಿಳಿಸಿದ ಮಾನದಂಡಗಳ ಮೇಲೆ ದರಗಳನ್ನು ತೂಗಿ ನೋಡಲು ಹೇಳುತ್ತದೆಯೇ ಹೊರತು, ಮಾನದಂಡವನ್ನೇ ಬರೆಯಬೇಡಿ ಎನ್ನುವುದಿಲ್ಲ. ಹೊಲಿಗೆ ಘಟಕದ ವಿಳಾಸ, ಕನಿಷ್ಠ ವೇತನ ಪಾವತಿಯ ದಾಖಲೆ, ಭವಿಷ್ಯನಿಧಿ ಮತ್ತು ಇಎಸ್‌ಐ ವಂತಿಗೆಯ ರಸೀದಿ, ಕೆಲಸವನ್ನು ಬೇರೆಯವರಿಗೆ ಒಪ್ಪಿಸಿದರೆ ಅವರ ಹೆಸರು ಎಂಬ ನಾಲ್ಕು ಸಾಲುಗಳನ್ನು ಸೇರಿಸಲು ಹೊಸ ಕಾನೂನೇನೂ ಬೇಕಾಗಿಲ್ಲ. ಯುರೋಪಿನ ಒಕ್ಕೂಟವು 2014ರ ಖರೀದಿ ನಿರ್ದೇಶನದಲ್ಲಿ ಬೆಲೆಯ ಜೊತೆಗೆ ಸಾಮಾಜಿಕ ಅಂಶಗಳನ್ನೂ ಪರಿಗಣಿಸಲು ತನ್ನ ನಗರಸಭೆಗಳಿಗೆ ಸ್ಪಷ್ಟವಾಗಿಯೇ ಅವಕಾಶ ಕೊಟ್ಟಿದೆ.

ಕೊಡಗಿನಲ್ಲಿ ಹೇಳಿಕೊಳ್ಳುವಂತಹ ನೇಕಾರಿಕೆ ಇಲ್ಲ, ಆದ್ದರಿಂದ ಬಟ್ಟೆ ಹೊರಗಿನಿಂದಲೇ ಬರಬೇಕು. ಸರ್ಕಾರಿ ಶಾಲೆಗಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಬಟ್ಟೆ ಒದಗಿಸಿದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದಂತಹ ಮೂಲಗಳಿವೆ. ಹೊಲಿಗೆಯನ್ನಾದರೂ ಇಲ್ಲಿನ ಮಹಿಳಾ ಸ್ವಸಹಾಯ ಸಂಘಗಳಿಗೆ ಕೊಟ್ಟರೆ, ತೊಡುವವರ ಅಳತೆ ತೆಗೆದು ಹೊಲಿಯಬಹುದು. ಸಡಿಲ ಮಾಡಿಕೊಡಿ ಎಂದು ಕೇಳಲು ಒಂದು ಬಾಗಿಲೂ ಇರುತ್ತದೆ. ಎಲ್ಲ ಸಂಘಗಳಿಗೂ ಇದು ಸಾಧ್ಯವೆಂದು ನಾನು ನಂಬುವುದಿಲ್ಲ. ರೈನ್‌ಕೋಟ್ ಅಂತೂ ಕಾರ್ಖಾನೆಯ ಕೆಲಸವೇ; ಅದಕ್ಕೆ ಮಾದರಿಯೊಂದನ್ನು ತರಿಸಿ, ನೀರು ಸುರಿದು ನೋಡಿ, ಆ ಮಾದರಿಯನ್ನು ಕಚೇರಿಯಲ್ಲಿಯೇ ಮುದ್ರೆ ಹಾಕಿ ಇಟ್ಟುಕೊಳ್ಳಬೇಕು.

ಆರ್ಥಿಕ ವರ್ಷ ಮುಗಿಯುವ ಮಾರ್ಚ್‌ನಲ್ಲಿ ಅವಸರದಿಂದ ಆದೇಶ ಹೊರಡಿಸಿ ಕೆಲವೇ ದಿನಗಳಲ್ಲಿ ಪೂರೈಸಬೇಕೆಂದು ಒತ್ತಾಯಿಸಿದರೆ, ಗುತ್ತಿಗೆದಾರ ಕೆಲಸವನ್ನು ಹೆಸರಿಲ್ಲದ ಘಟಕಗಳಿಗೆ ಹಂಚುತ್ತಾನೆ, ಅಲ್ಲಿನವರು ರಾತ್ರಿಯೂ ಹೊಲಿಯುತ್ತಾರೆ, ಕಂಕುಳಿಗೆ ಎರಡನೆಯ ಹೊಲಿಗೆ ಬೀಳುವುದಿಲ್ಲ. ಮುಂದಿನ ಸಲದ ಟೆಂಡರನ್ನು ನವೆಂಬರ್ ಒಳಗೆ ಕರೆದು, ಪೂರೈಕೆಗೆ ಕನಿಷ್ಠ ಮೂರು ತಿಂಗಳು ಕೊಡುವಂತೆಯೂ, ತಲಾ ಎರಡರ ಬದಲು ಮೂರು ಜೊತೆ ಕೊಳ್ಳುವಂತೆಯೂ ಸಂಸ್ಥೆಗೆ ಲಿಖಿತ ಮನವಿ ಸಲ್ಲಿಸಿದ್ದೇನೆ.