ಚೈನೀಸ್ ಕಲಿಸಲು ಮಾತಾಡುವ ಪೆನ್: ಮೂರು ವರ್ಷ ಬಳಸಿದ ಮೇಲೆ

ನಾವಿರುವುದು ಸಿಂಗಾಪುರದಲ್ಲಿ. ಇಲ್ಲಿನ ಶಾಲೆಗಳಲ್ಲಿ ಇಂಗ್ಲಿಷ್ ಜೊತೆ 'ಮದರ್ ಟಂಗ್' ಅಂತ ಇನ್ನೊಂದು ಭಾಷೆ ಕಲಿಯಬೇಕು. ಭಾರತೀಯ ಮಕ್ಕಳಿಗೆ ತಮಿಳು ಇದೆ. ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಕೂಡ ಇವೆ. ಕನ್ನಡ ಇಲ್ಲ. ನಮ್ಮ ಮನೆಯಲ್ಲಿ ಮಾತೆಲ್ಲ ಕನ್ನಡದಲ್ಲೇ, ಹಾಗಾಗಿ ಯಾವುದನ್ನು ಆರಿಸಿದರೂ ಹೊಸದೇ. ಮಗಳ ಆಟದ ಗೆಳತಿಯರೆಲ್ಲ ಚೈನೀಸ್ ಮಾತಾಡುತ್ತಾರೆ ಅಂತ ಶಾಲೆಯ ಒಪ್ಪಿಗೆ ಕೇಳಿ ಅದನ್ನೇ ಕೊಡಿಸಿದೆವು.

ಒಂದನೇ ತರಗತಿಯ ಎರಡನೇ ತಿಂಗಳಿಗೇ ಅವಳು ಪುಸ್ತಕ ಮುಚ್ಚಿಟ್ಟಳು. "ನಿಂಗೂ ಬರಲ್ಲ, ಅಪ್ಪಂಗೂ ಬರಲ್ಲ. ನಂಗ್ಯಾಕೆ ಅಮ್ಮಾ?" ಅಂದಳು. ವಾರಕ್ಕೊಮ್ಮೆ ಥಿಂಗ್‌ಶಿಯೆ, ಅಂದರೆ ನಮ್ಮ ಉಕ್ತಲೇಖನ. ಹಿಂದಿನ ರಾತ್ರಿ ಪದ ಓದಿ ಹೇಳಬೇಕಾದವಳು ನಾನು. ನಾನು ತಪ್ಪು ಹೇಳಿದಾಗಲೆಲ್ಲ ಅವಳಿಗೆ ಅಳು ಬರುತ್ತಿತ್ತು. ಆಗ ಕೊಂಡಿದ್ದು ಈ ಪೆನ್ನು.

ಈ ಪೆನ್ನಿಗೆಂದೇ ಇರುವ ಪುಸ್ತಕಗಳ ಪುಟದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕಿಗಳನ್ನು ಮುದ್ರಿಸಿರುತ್ತಾರೆ. ಪೆನ್ನಿನ ತುದಿಯ ಪುಟ್ಟ ಕ್ಯಾಮೆರಾ ಅದನ್ನು ಓದಿ, ಆ ಪದದ ಧ್ವನಿ ಕೇಳಿಸುತ್ತದೆ. ಓದುವಾಗ ಫೋನ್ ಬೇಡ, ಇಂಟರ್ನೆಟ್ ಬೇಡ. ನನಗೆ ಇದು ತುಂಬಾ ಹಿಡಿಸಿತು.

ಮೊದಲ ತಿಂಗಳು ಅವಳು ಪ್ರಾಣಿಗಳ ಚಿತ್ರ ಮಾತ್ರ ಮುಟ್ಟುತ್ತಿದ್ದಳು. ಸುಮ್ನೆ ಬಿಟ್ಟೆ. ಒಂದು ದಿನ ಅಂಗಡಿಯ ಚಿತ್ರವಿರುವ ಪುಟದಲ್ಲಿ ನಿಂತಳು. 'ಮಾಯ್' ಅಂತ ದನಿ ತಗ್ಗಿಸಿ ಏರಿಸಿದರೆ ಕೊಳ್ಳುವುದು, ಮೇಲಿಂದ ಥಟ್ಟನೆ ಇಳಿಸಿದರೆ ಮಾರುವುದು. ಬರೆಯುವಾಗಲೂ 'ಕೊಳ್ಳು' ಅಕ್ಷರದ ತಲೆ ಮೇಲೆ ಒಂದು ಕೂಡುವ ಚಿಹ್ನೆ ಇಟ್ಟಂತೆ ಬರೆದರೆ 'ಮಾರು' ಆಗುತ್ತದೆ. ಅವತ್ತು ಊಟದ ಹೊತ್ತಿನವರೆಗೂ ನಾನು ಗಿರಾಕಿ, ಅವಳು ಅಂಗಡಿಯವಳು.

ಕೇಳಿ ಕೇಳಿ ನನಗೂ ಒಂದು ವಿಷಯ ಹೊಳೆಯಿತು. ಚೈನೀಸ್ ಉಚ್ಚಾರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಪಿನ್‌ಯಿನ್‌ನಲ್ಲಿ 'ಬಿ' ಅಕ್ಷರ ಇದ್ದರೆ ಅದು ನಮ್ಮ ಬ ಅಲ್ಲ, ಹೆಚ್ಚುಕಡಿಮೆ ಪ. 'ಪಿ' ಇದ್ದರೆ ತುಟಿ ಮುಚ್ಚಿ ತೆಗೆದು ಉಸಿರು ಬಿಡುವ ಮಹಾಪ್ರಾಣ ಫ. ಹಾಗೇ 'ಜಿ' ಅಂದರೆ ಕ, 'ಕೆ' ಅಂದರೆ ಖ. ಬಾಯಿ ಮುಂದೆ ಟಿಶ್ಯೂ ಹಿಡಿದು ತೋರಿಸಿದೆ. ಮಹಾಪ್ರಾಣಕ್ಕೆ ಕಾಗದ ಹಾರುತ್ತದೆ, ಅಲ್ಪಪ್ರಾಣಕ್ಕೆ ಅಲುಗುವುದೇ ಕಷ್ಟ. ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿ ತಿದ್ದಿಸಿದ್ದ ಕಾಗುಣಿತ ಇಲ್ಲಿ ಕೆಲಸಕ್ಕೆ ಬಂತು. ಕನ್ನಡ ಬಲ್ಲ ಮಕ್ಕಳಿಗೆ ಇದು ದೊಡ್ಡ ಅನುಕೂಲ. ದಯವಿಟ್ಟು ಬಳಸಿಕೊಳ್ಳಿ.

ಇನ್ನು ತೊಂದರೆಗಳು. ಮಗು ದನಿ ತಪ್ಪಿದರೆ ಪೆನ್ನು ತಿದ್ದುವುದಿಲ್ಲ. ಬರೆಯುವುದನ್ನು ಕಲಿಸುವುದಿಲ್ಲ, ಗೆರೆಗಳ ಕ್ರಮವನ್ನು ಬೇರೆಯಾಗಿಯೇ ತಿದ್ದಿಸಬೇಕು. ಅದರ ದನಿ ಬೀಜಿಂಗ್ ಕಡೆಯದು. 'ಎಲ್ಲಿ' ಅನ್ನಲು ಪೆನ್ನು 'ನಾರ್' ಅನ್ನುತ್ತದೆ, ಇಲ್ಲಿನವರು 'ನಾಲಿ' ಅನ್ನುತ್ತಾರೆ. "ಟೀಚರ್ ಹಾಗೆ ಹೇಳಲ್ಲ" ಅಂತ ಅವಳು ಎಷ್ಟೋ ಸಲ ಸಿಟ್ಟಾಗಿದ್ದಾಳೆ. ಎರಡು ವರ್ಷಕ್ಕೆ ಬ್ಯಾಟರಿ ಸೋತಿತು, ಈಗ ದಿನಾ ಚಾರ್ಜ್ ಮಾಡಬೇಕು. ಎಲ್ಲಕ್ಕಿಂತ ದೊಡ್ಡ ಕೊರತೆ, ಅದು ತನ್ನದೇ ಪುಸ್ತಕಗಳನ್ನು ಮಾತ್ರ ಓದುತ್ತದೆ. ಶಾಲೆಯ ಪುಸ್ತಕದ ಮೇಲಿಟ್ಟರೆ ಮಾತಿಲ್ಲ.

ಅದಕ್ಕೆ ದಾರಿ ತೋರಿಸಿದ್ದು ಜೊತೆಗೆ ಬಂದಿದ್ದ ಸ್ಟಿಕರ್ ಹಾಳೆ. ಒಂದೊಂದು ಸ್ಟಿಕರ್‌ಗೂ ನಮ್ಮದೇ ದನಿ ರೆಕಾರ್ಡ್ ಮಾಡಬಹುದು. ಮೇಲಿನ ಮಹಡಿಯ ಆಂಟಿ ಪಾಪ ಒಂದು ಇಡೀ ಟರ್ಮ್ ಶನಿವಾರ ಬಂದು ಆ ವಾರದ ಪದಗಳನ್ನು ಓದಿ ಕೊಟ್ಟರು. ಪಕ್ಕದ ಸ್ಟಿಕರ್‌ನಲ್ಲಿ ನಾನು ಕನ್ನಡ ಅರ್ಥ ಹೇಳಿದೆ. ಮೂರನೆಯದರಲ್ಲಿ ಮಗಳು ತಾನೇ ಹೇಳಿದಳು. ಆಂಟಿಯ ದನಿ, ತನ್ನ ದನಿ, ಮತ್ತೆ ಆಂಟಿಯ ದನಿ. ತನ್ನ ತಪ್ಪು ತನಗೇ ಕೇಳಿಸತೊಡಗಿತು. ಸರಿಯಾಗಿಲ್ಲ ಅನಿಸಿದರೆ ಅಳಿಸಿ ಮತ್ತೆ ಹೇಳುತ್ತಿದ್ದಳು. ಯಾರೂ ಹೇಳಿಕೊಟ್ಟಿದ್ದಲ್ಲ. ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದ ನನಗೆ ಅವತ್ತು ಕಣ್ಣು ತುಂಬಿ ಬಂತು.

ಈಗ ನಾಲ್ಕನೇ ತರಗತಿ. ಅಂಕ ಸಾಧಾರಣ. ಆದರೆ ಮೆಟ್ರೋದಲ್ಲಿ ನಾಲ್ಕು ಭಾಷೆಯ ಬೋರ್ಡ್ ಕಂಡರೆ ಚೈನೀಸ್ ಸಾಲನ್ನೇ ಮೊದಲು ಓದುತ್ತಾಳೆ, ತಪ್ಪಾದರೂ ಜೋರಾಗಿ.

ಮನೆಯಲ್ಲಿ ಚೈನೀಸ್ ಬಲ್ಲವರಿದ್ದರೆ ಈ ದುಡ್ಡು ಬೇಡ. ನಮ್ಮಂಥವರಾದರೆ ಕೊಳ್ಳಿ, ಹಳೆಯದಾದರೂ ಪರವಾಗಿಲ್ಲ. ಆದರೆ ಸ್ಟಿಕರ್ ಹಾಳೆ ಇದೆಯಾ, ರೆಕಾರ್ಡ್ ಆಗುತ್ತಾ ಅಂತ ಕೈಯಲ್ಲಿ ಹಿಡಿದು ನೋಡಿ. ಅದಿಲ್ಲದಿದ್ದರೆ ಕಡಿಮೆ ಬೆಲೆಗೆ ಸಿಕ್ಕರೂ ಬೇಡ.