ಆರ್‌ಸಿ ಇದೆ ಅಂತ ಭೂತಾನ್ ಗಾಡಿ ತಗೋಬೇಡಿ

ಕೊಡಗಿನಲ್ಲಿ ಹಳೆ ಟೊಯೋಟಾ ಲ್ಯಾಂಡ್ ಕ್ರೂಸರ್, ಪ್ರಾಡೊ ಹುಡುಕುತ್ತಿರುವವರು ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ. ಭೂತಾನಿನಿಂದ ಸುಂಕ ಕಟ್ಟದೆ ತಂದಿದ್ದ ಗಾಡಿಯನ್ನು ನಾನು ಕೊಂಡೆ, ಅದು ಈಗ ಕಸ್ಟಮ್ಸ್‌ನವರ ವಶದಲ್ಲಿದೆ. ದುಡ್ಡು ಬ್ರೋಕರ್ ಕೈಗೆ ಹೋಯಿತು. ಬ್ರೋಕರ್ ಎಲ್ಲಿ ಹೋದನೋ ಗೊತ್ತಿಲ್ಲ.

ಕಾಫಿಗೆ ಒಳ್ಳೆ ರೇಟ್ ಬಂದರೆ ನಮ್ಮ ಕಡೆ ಏನಾಗುತ್ತೆ ಅಂತ ಗೊತ್ತಲ್ವಾ? ಮೊದಲು ಸಾಲ ತೀರಿಸ್ತಾರೆ, ಆಮೇಲೆ ಗಾಡಿ ನೋಡ್ತಾರೆ. ಕಕ್ಕಡ ತಿಂಗಳ ಮಳೆಯಲ್ಲಿ ತೋಟದ ರಸ್ತೆ ಹತ್ತಬೇಕಾದರೆ ಫೋರ್ ವೀಲ್ ಬೇಕೇ ಬೇಕು. ಅದಕ್ಕೆ ಜೀಪ್ ಸಾಕು, ಲ್ಯಾಂಡ್ ಕ್ರೂಸರ್ ಸ್ವಲ್ಪ ಶೋಕಿನೇ, ಬಿಡಿ. ಈ ಶೋಕಿ ಎಲ್ಲಿದೆ ಅಂತ ಬ್ರೋಕರ್‌ಗಳಿಗೆ ಚೆನ್ನಾಗಿ ಗೊತ್ತು. ಮಾಕುಟ್ಟ ಘಾಟಿ ಇಳಿದರೆ ಕೇರಳ, ಕುಟ್ಟ ದಾಟಿದರೆ ವಯನಾಡು. ಗಾಡಿ ಹುಚ್ಚು ಆ ಕಡೆನೂ ಕಮ್ಮಿ ಇಲ್ಲ.

ನನಗೆ ಗಾಡಿ ತೋರಿಸಿದ್ದು ವಿರಾಜಪೇಟೆಯಲ್ಲಿ. ಉತ್ತರದ ಒಂದು ರಾಜ್ಯದ ನಂಬರ್. ಬಾಡಿ ಚೆನ್ನಾಗಿತ್ತು, ಇಂಜಿನ್ ಸದ್ದು ಇನ್ನೂ ಚೆನ್ನಾಗಿತ್ತು. ಮೂಲ ಎಲ್ಲಿಯದು ಅಂತ ಕೇಳಿದೆ. ಅವನು ಮುಚ್ಚಿಡಲೂ ಇಲ್ಲ. "ಭೂತಾನ್ ಗಾಡಿ ಸಾರ್. ನಮ್ಮ ಆರ್ಮಿಯವರ ಹತ್ತಿರ ಇತ್ತು, ಹರಾಜಿನಲ್ಲಿ ಬಂತು. ಭೂತಾನಿಗೂ ನಮಗೂ ಫ್ರೀ ಟ್ರೇಡ್, ಸುಂಕನೇ ಇಲ್ಲ" ಅಂದ. ಅರ್ಧ ಸತ್ಯ ಹೇಳುವವನನ್ನು ಹಿಡಿಯುವುದು ಕಷ್ಟ. ಭಾರತಕ್ಕೂ ಭೂತಾನಿಗೂ ಮುಕ್ತ ವ್ಯಾಪಾರ ಒಪ್ಪಂದ ಇರುವುದು ನಿಜ. ಆದರೆ ಸುಂಕದ ವಿನಾಯಿತಿ ಇರುವುದು ಭೂತಾನಿನಲ್ಲೇ ಆದ ಸರಕಿಗೆ. ಟೊಯೋಟಾದ ಈ ಗಾಡಿಗಳು ತಯಾರಾಗುವುದು ಜಪಾನಿನಲ್ಲಿ. ಥಿಂಪುವಿನಲ್ಲಿ ನಾಲ್ಕು ವರ್ಷ ಓಡಿದ ಮಾತ್ರಕ್ಕೆ ಅದು ಭೂತಾನಿನ ಸರಕು ಆಗಲ್ಲ.

ಸುಂಕ ಕಟ್ಟಿ ಸರಿ ಮಾಡಿಸೋಣ ಅಂದರೂ ದಾರಿ ಇಲ್ಲ. ನಮ್ಮ ಆಮದು ನಿಯಮದಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿ ತಯಾರಾದ ದಿನದಿಂದ 3 ವರ್ಷ ದಾಟಿರಬಾರದು. ಸ್ಟೀರಿಂಗ್ ಬಲಗಡೆ ಇರಬೇಕು. ಬರುವುದು ಮುಂಬೈ ಬಂದರಿನಿಂದ ಮಾತ್ರ. ಇಷ್ಟೆಲ್ಲ ಸರಿ ಇದ್ದರೂ ಸುಂಕವೇ ಗಾಡಿಯ ಬೆಲೆಗಿಂತ ಜಾಸ್ತಿ ಆಗುತ್ತೆ. ಅಂದಮೇಲೆ ಭೂತಾನ್ ಗಡಿಯ ಫುಂಟ್‌ಶೋಲಿಂಗ್ ಗೇಟ್ ದಾಟಿ, ಈ ಕಡೆಯ ಜೈಗಾಂವ್ ಮೇಲೆ ರಸ್ತೆಯಲ್ಲಿ ಬಂದ ಹದಿನೈದು ವರ್ಷದ ಪ್ರಾಡೊಗೆ ಇಲ್ಲಿ ಕಾನೂನಿನ ಪೇಪರ್ ಎಲ್ಲಿಂದ ಬರಬೇಕು? ಭೂತಾನಿನವರು ತಮ್ಮ ನಂಬರಿನ ಗಾಡಿಯಲ್ಲಿ ಈ ಕಡೆ ಬಂದು ಹೋಗಬಹುದು. ಅದನ್ನು ನಾವು ಕೊಂಡು ಇಟ್ಟುಕೊಳ್ಳುವುದು ಬೇರೆ ವಿಷಯ.

ಆದರೂ ನನ್ನ ಗಾಡಿಗೆ ಆರ್‌ಸಿ ಇತ್ತು. ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಮಾಲೀಕನ ಹೆಸರು ಬರುತ್ತಿತ್ತು. ಇನ್ಶೂರೆನ್ಸ್ ಸಿಕ್ಕಿತು, ಎಮಿಷನ್ ಸರ್ಟಿಫಿಕೇಟ್ ಸಿಕ್ಕಿತು, ಫಾಸ್ಟ್‌ಟ್ಯಾಗ್ ಕೂಡ ಸಿಕ್ಕಿತು. ಇದನ್ನು ಸ್ವಲ್ಪ ಯೋಚನೆ ಮಾಡಿ ನೋಡಿ. ಇವರ್ಯಾರೂ ಗಾಡಿ ದೇಶದೊಳಗೆ ಹೇಗೆ ಬಂತು ಅಂತ ನೋಡಲ್ಲ. ಎಲ್ಲರೂ ನೋಡುವುದು ಆರ್‌ಸಿಯನ್ನೇ. ಆ ಆರ್‌ಸಿ ಯಾವ ಕಾಗದದ ಮೇಲೆ ಹುಟ್ಟಿತು ಅಂತ ಯಾರೂ ಕೇಳಲ್ಲ. ನನ್ನದು ಹುಟ್ಟಿದ್ದು ಒಂದು ಹರಾಜಿನ ಪತ್ರದ ಮೇಲೆ. ಸೇನೆಯ ಲಾಂಛನ, ಸೀಲು, ಸಹಿ, ಎಲ್ಲ ಇತ್ತು. ಕೊಟ್ಟ ಇಲಾಖೆಯ ಹೆಸರಿನಲ್ಲೇ ಸ್ಪೆಲಿಂಗ್ ತಪ್ಪು.

ನಿಜ ಹೊರಗೆ ಬಂದಿದ್ದು ಕೆಎ-12 ನಂಬರ್ ಮಾಡಿಸಲು ಹೊರಟಾಗ. ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದರೆ ಇಲ್ಲಿನ ನಂಬರ್ ಹಾಕಿಸಲೇಬೇಕು. ಅಲ್ಲಿಂದ ಎನ್‌ಓಸಿ ತರಬೇಕು, ಇಲ್ಲಿ ತೆರಿಗೆ ಕಟ್ಟಬೇಕು, ಜೊತೆಗೆ ಚಾಸಿ ಪ್ರಿಂಟ್, ಅಂದರೆ ಗಾಡಿಯ ಚೌಕಟ್ಟಿನ ಮೇಲೆ ಹೊಡೆದಿರುವ ನಂಬರಿನ ಅಚ್ಚು ಕೊಡಬೇಕು. ಪ್ರಿಂಟ್ ತೆಗೆಯಲು ಗೋಣಿಕೊಪ್ಪದ ಒಬ್ಬ ಹಳೆ ಮೆಕ್ಯಾನಿಕ್ ಹತ್ತಿರ ಹೋದೆ. ಬಲಗಡೆ ಮುಂದಿನ ಚಕ್ರದ ಹಿಂದೆ ಚಾಸಿ ಮೇಲಿದ್ದ ಕೆಸರನ್ನು ಡೀಸೆಲ್ ಹಾಕಿ ಒರೆಸಿದ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿದ. ನಂಬರ್ ಮೂಡಿತು. ಆದರೆ ಕೊನೆಯ ಅಂಕಿಗಳು ಆಳವಾಗಿ, ಒಂಚೂರು ವಾಲಿಕೊಂಡು ಬಂದವು. ಅವುಗಳ ಸುತ್ತ ಮಾತ್ರ ಸಣ್ಣ ಸಣ್ಣ ಗೀರು. ಅವನು ಏನೂ ಮಾತಾಡದೆ ಹಿಂದಿನ ಸೀಟ್ ಬೆಲ್ಟ್ ಎಳೆದು, ಬುಡದಲ್ಲಿದ್ದ ಬಟ್ಟೆ ಚೀಟಿ ತೋರಿಸಿದ. ಅದರಲ್ಲಿದ್ದ ವರ್ಷ ಆರ್‌ಸಿಯಲ್ಲಿದ್ದ ವರ್ಷಕ್ಕಿಂತ ಎಷ್ಟೋ ಈಚಿನದು. ಮುಂದಿನ ಬೆಲ್ಟ್‌ಗಳಲ್ಲೂ ಅದೇ ವರ್ಷ. "ಯಾವುದೋ ಸತ್ತ ಗಾಡಿಯ ನಂಬರ್ ಇದಕ್ಕೆ ಹೊಡೆದಿದ್ದಾರೆ" ಅಂದ. ಆ ಪ್ರಿಂಟ್‌ಗೆ ದುಡ್ಡು ತಗೊಳ್ಳಲಿಲ್ಲ.

ಆರ್‌ಟಿಓ ಇನ್ಸ್‌ಪೆಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: ಬಿಲ್ ಆಫ್ ಎಂಟ್ರಿ ಎಲ್ಲಿ? ಹೊರದೇಶದಿಂದ ಬಂದ ಗಾಡಿಗೆ ಕಸ್ಟಮ್ಸ್‌ನಲ್ಲಿ ಸುಂಕ ಕಟ್ಟಿದ್ದಕ್ಕೆ ಇರುವ ಮೂಲ ದಾಖಲೆ ಅದು. ಬ್ರೋಕರ್‌ಗೆ ಫೋನ್ ಮಾಡಿದೆ. "ಆರ್ಮಿ ಗಾಡಿಗೆ ಅದು ಬೇಡ ಸಾರ್, ಸುಮ್ನೆ ಹೆದರಿಸ್ತಾರೆ" ಅಂದ. ಆಮೇಲೆ ಅವನ ಫೋನ್ ಸ್ವಿಚ್ ಆಫ್.

2025ರ ಸೆಪ್ಟೆಂಬರ್‌ನಲ್ಲಿ ಕೊಚ್ಚಿಯ ಕಸ್ಟಮ್ಸ್‌ನವರು ಆಪರೇಷನ್ ನುಮ್ಖೋರ್ ಅಂತ ಕೇರಳದ ತುಂಬ ಇಂಥ ಗಾಡಿ ಹುಡುಕಿದ್ದು ಪೇಪರ್‌ನಲ್ಲಿ ಓದಿರಬಹುದು. ಸಿನಿಮಾ ನಟರ ಮನೆಗಳಿಗೂ ಹೋಗಿದ್ದರು. ಸೇನೆ, ರಾಯಭಾರ ಕಚೇರಿಗಳ ಹೆಸರಲ್ಲಿ ನಕಲಿ ಪತ್ರ ಮಾಡಿ, ಬೇರೆ ರಾಜ್ಯಗಳಲ್ಲಿ ನೋಂದಣಿ ಮಾಡಿಸಿ ಮಾರಿದ್ದಾರೆ ಅಂತ ಅವರು ಹೇಳಿದ್ದು ನನ್ನ ಗಾಡಿಯ ಕಥೆಯೇ. ನನಗೆ ಸಮನ್ಸ್ ಬಂದಿದ್ದು ಅದಾದ ಮೇಲೆ.

ಇಲ್ಲಿ ಒಂದು ಮಾತು ಜಾಸ್ತಿ ಜನರಿಗೆ ಗೊತ್ತಿಲ್ಲ. "ನಾನು ದುಡ್ಡು ಕೊಟ್ಟು ಕೊಂಡಿದ್ದೇನೆ, ಕದ್ದಿಲ್ಲ" ಅಂದರೆ ಗಾಡಿ ಬಿಡಲ್ಲ. ಕಸ್ಟಮ್ಸ್ ಕಾಯ್ದೆ ಗಾಡಿಯನ್ನೇ ಹಿಡಿಯುತ್ತೆ, ಅದು ಯಾರ ಕೈಯಲ್ಲಿದ್ದರೂ. ಮಹಜರು ಬರೆದು ತಗೊಂಡು ಹೋದರು. ಕಾರಣ ಕೇಳುವ ಶೋಕಾಸ್ ನೋಟಿಸ್ ಕೊಡಲು ಅವರಿಗೆ 6 ತಿಂಗಳು ಇದೆ, ಅದನ್ನು ಇನ್ನೂ 6 ತಿಂಗಳು ಮುಂದೆ ಹಾಕಬಹುದು. ಬಾಂಡ್, ಬ್ಯಾಂಕ್ ಗ್ಯಾರಂಟಿ ಕೊಟ್ಟು ತಾತ್ಕಾಲಿಕವಾಗಿ ಬಿಡಿಸಿಕೊಳ್ಳಲು ಅರ್ಜಿ ಹಾಕಬಹುದು. ಲಾಯರ್ ಲೆಕ್ಕ ಹಾಕಿ ತೋರಿಸಿದರು. ಆ ಗ್ಯಾರಂಟಿ ದುಡ್ಡಿಗೆ ಒಂದು ಹೊಸ ಥಾರ್ ಬರುತ್ತಿತ್ತು. ಕೊನೆಗೆ ದಂಡ ಕಟ್ಟಿಸಿಕೊಂಡು ಬಿಟ್ಟರೂ ಸುಂಕ ಬೇರೆ ಕಟ್ಟಬೇಕು, ಮತ್ತೆ ಆ ಆರ್‌ಸಿ ರದ್ದಾಗುವ ಭಯ ಇದ್ದೇ ಇರುತ್ತೆ. ಹೇಳಿಕೆ ಕೊಡುವಾಗ ನನಗೆ ಉಪಯೋಗ ಆಗಿದ್ದು ಬ್ಯಾಂಕಿನಿಂದ ಕಳಿಸಿದ ದುಡ್ಡು ಮಾತ್ರ. ಕ್ಯಾಶ್ ಕೊಟ್ಟಿದ್ದಕ್ಕೆ ಲೆಕ್ಕವೇ ಇಲ್ಲ. ಬ್ರೋಕರ್ ಕ್ಯಾಶೇ ಬೇಕು ಅಂದಿದ್ದು ಯಾಕೆ ಅಂತ ಈಗ ಕೇಳಬೇಡಿ.

ಈಗಾಗಲೇ ಇಂಥ ಗಾಡಿ ಇಟ್ಟುಕೊಂಡಿರುವವರು ದಯವಿಟ್ಟು ಇನ್ನೊಬ್ಬರಿಗೆ ದಾಟಿಸಬೇಡಿ, ತೋಟದ ಶೆಡ್ಡಿನಲ್ಲಿ ಟಾರ್ಪಾಲ್ ಹಾಕಿ ಮುಚ್ಚಲೂ ಬೇಡಿ. ಮೊದಲು ಕಸ್ಟಮ್ಸ್ ಕೇಸು ಗೊತ್ತಿರುವ ಲಾಯರ್ ನೋಡಿ. ಎಲ್ಲ ಲಾಯರ್‌ಗೂ ಇದು ಗೊತ್ತಿರಲ್ಲ.

ಕೊಳ್ಳುವವರು ಬಿಲ್ ಆಫ್ ಎಂಟ್ರಿ ನಂಬರ್, ದಿನಾಂಕ, ಬಂದರಿನ ಹೆಸರು ಕೇಳಿ. ಕಸ್ಟಮ್ಸ್‌ನ ಐಸ್‌ಗೇಟ್ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಪೆನ್ಸಿಲ್ ಪ್ರಿಂಟ್ ನೀವೇ ತೆಗೆಸಿ, ಅವರು ತಂದ ಪ್ರಿಂಟ್ ನಂಬಬೇಡಿ. ಮೊನ್ನೆ ಸುಂಟಿಕೊಪ್ಪದ ಸ್ನೇಹಿತನಿಗೆ ವಾಟ್ಸಾಪ್‌ನಲ್ಲಿ ಒಂದು ಬಿಳಿ ಪ್ರಾಡೊ ಬಂತು. ಜೊತೆಗೆ ಹರಾಜಿನ ಪತ್ರ, ಅದೇ ಇಲಾಖೆ, ಅದೇ ಸ್ಪೆಲಿಂಗ್ ತಪ್ಪು. ಚಾಸಿ ನಂಬರಿನ ಫೋಟೋ ಕಳಿಸಿ ಅಂತ ಸ್ನೇಹಿತನ ಕೈಲಿ ಕೇಳಿಸಿದೆ. ಇವತ್ತಿನವರೆಗೂ ಕಳಿಸಿಲ್ಲ, ರೇಟ್ ಮಾತ್ರ ಇಳಿಸಿದ್ದಾರೆ.